ಈಡು ಹಾರಿತಾ, ಹಾರಿಸಿದಿರಾ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಹಳ್ಳಿ. ಅಡಿಕೆ, ಸ್ವಲ್ಪ ಕಾಫಿ ಇದೆ. ಅಪ್ಪ ತೀರಿಕೊಂಡ ಮೇಲೆ ಅವರ ಬೆಳೆ ರಕ್ಷಣೆ ಲೈಸೆನ್ಸಿನ ಜೋಡಿ ನಳಿಗೆ ಕೋವಿ, 12 ಬೋರ್, ನನ್ನ ಹೆಸರಿಗೆ ಬಂತು. ಚುನಾವಣೆ ಮುಗಿದು ಠಾಣೆಯಿಂದ ಕೋವಿ ಬಿಡಿಸಿಕೊಂಡು ಬಂದ ವಾರ ಮಂಗಗಳನ್ನು ಹೆದರಿಸಲು ಒಂದು ಈಡು ಹೊಡೆದಿದ್ದೆ. ಎರಡು ದಿನ ಬಿಟ್ಟು ಜಗಲಿಯಲ್ಲಿ ಕೂತು ಕೋವಿಗೆ ಎಣ್ಣೆ ಒರೆಸಿದೆ. ಸ್ಪ್ರಿಂಗ್ ಬಿಗಿಯಾಗಿ ಉಳಿದರೆ ಸತ್ತುಹೋಗುತ್ತದೆ ಅಂತ ಅಪ್ಪ ಯಾವಾಗಲೂ ಟ್ರಿಗರ್ ಒತ್ತಿಯೇ ಕೋವಿ ಇಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಈಡು ಹಾರಿತು. ಹೆಂಚು ಒಡೆದು ಆಕಾಶ ಕಂಡಿತು. ಅಮ್ಮ ಅಡುಗೆಮನೆಯಲ್ಲಿದ್ದರು, ಮಕ್ಕಳು ಶಾಲೆಗೆ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಖಾಲಿ ಕೋವಿ ಹೀಗೆ ಮಿಸ್‌ಫೈರ್ ಆಗುವುದುಂಟಾ? ಕೋವಿ ಕೆಟ್ಟಿದೆಯಾ? ಮಾರಿಬಿಡು ಅಂತಾರೆ ಅಮ್ಮ. ಏನು ಮಾಡಲಿ?

ಉತ್ತರ: ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡ ಸಮಾಧಾನ. ಇನ್ನು ಸ್ವಲ್ಪ ಬಿರುಸಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ಮಂಗಗಳ ವಿಷಯಕ್ಕೆ ಬಂದಾಗ 'ಈಡು ಹೊಡೆದಿದ್ದೆ' ಅಂತ ಬರೆದಿದ್ದೀರಿ. ಹೆಂಚಿನ ವಿಷಯಕ್ಕೆ ಬಂದಾಗ 'ಈಡು ಹಾರಿತು'. ಎರಡು ಸಲವೂ ಟ್ರಿಗರ್ ಮೇಲೆ ಇದ್ದದ್ದು ಅದೇ ಬೆರಳು ಅಲ್ವಾ? ನಮ್ಮ ಭಾಷೆಯಲ್ಲಿ ಇದಕ್ಕೆ ಬಹಳ ಅನುಕೂಲವಿದೆ. ಲೋಟ ಬಿತ್ತು, ಹಾಲು ಉಕ್ಕಿತು, ಈಡು ಹಾರಿತು. ಯಾರು ಮಾಡಿದ್ದು ಅಂತ ಹೇಳುವ ಗೋಜೇ ಇಲ್ಲ. ಪೇಪರಿನವರೂ 'ಆಕಸ್ಮಿಕವಾಗಿ ಸಿಡಿದ ಗುಂಡು' ಅಂತಲೇ ಬರೆಯುತ್ತಾರೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಸೇನೆಯಲ್ಲಿದ್ದವನು, ಅದರಲ್ಲಿ ಅರ್ಧ ಕಾಲ ಹುಡುಗರಿಗೆ ಹತ್ಯಾರು ಹಿಡಿಯುವುದನ್ನು ಕಲಿಸಿದವನು. ಅಲ್ಲಿ ಇದಕ್ಕೆ ಆಕಸ್ಮಿಕ ಅನ್ನುವುದಿಲ್ಲ. ನೆಗ್ಲಿಜೆಂಟ್ ಡಿಸ್ಚಾರ್ಜ್ ಅನ್ನುತ್ತಾರೆ. ಅಂದರೆ ಅಜಾಗ್ರತೆಯಿಂದ ಹೊಡೆದದ್ದು. ಹೊಡೆದವನಿಗೆ ಶಿಕ್ಷೆ ಇರುತ್ತದೆ, ಯಾರಿಗೂ ತಾಗದಿದ್ದರೂ.

'ಮಿಸ್‌ಫೈರ್' ಪದವನ್ನೂ ನಾವು ತಿರುಗಾಮುರುಗಾ ಮಾಡಿಕೊಂಡಿದ್ದೇವೆ. ಟ್ರಿಗರ್ ಒತ್ತಿದರೂ ಈಡು ಹಾರದೆ ಬರೀ ಟಿಕ್ ಅಂದರೆ ಅದು ಮಿಸ್‌ಫೈರ್. ನಿಮ್ಮ ಕೋವಿ ಮಾಡಿದ್ದು ಅದರ ಉಲ್ಟಾ. ಒತ್ತಿದಿರಿ, ಹೊಡೆಯಿತು. ಕೆಟ್ಟ ಕೋವಿಯ ಲಕ್ಷಣ ಅಲ್ಲ ಇದು, ಚೆನ್ನಾಗಿರುವ ಕೋವಿಯ ಲಕ್ಷಣ.

ಒಳಗೆ ನಡೆದದ್ದು ಇಷ್ಟು ಅಂತ ನನ್ನ ಲೆಕ್ಕ. ಮಂಗ ಬಂದಾಗ ಎರಡೂ ನಳಿಗೆಗೆ ತೋಟೆ ತುಂಬಿದಿರಿ. ಎರಡು ಟ್ರಿಗರ್‌ಗಳಲ್ಲಿ ಮುಂಭಾಗದ್ದನ್ನು ಒತ್ತಿದಿರಿ, ಬಲಗಡೆಯದು ಹಾರಿತು. ಮಂಗಗಳು ಪರಾರಿ. ಎಡಗಡೆಯ ತೋಟೆ ಹಾಗೇ ಉಳಿಯಿತು. ನೀವು ಕೋವಿ ತೆರೆಯದೆ ತಂದು ಮೂಲೆಗೆ ಒರಗಿಸಿದಿರಿ. ನಿಮ್ಮ ತಲೆಯಲ್ಲಿ ಉಳಿದದ್ದು 'ಹೊಡೆದೆ' ಅನ್ನುವ ನೆನಪು. ಹೊಡೆದೆ ಅಂದರೆ ಖಾಲಿ. ಎರಡು ದಿನ ಕಳೆಯುವಷ್ಟರಲ್ಲಿ ಆ ನೆನಪು ಇನ್ನೂ ಗಟ್ಟಿಯಾಯಿತು. ಹೆಂಚು ಒಡೆದ ಮೇಲೆ ಕೋವಿ ತೆರೆದಾಗ ಎರಡೂ ಕಡೆ ಸುಟ್ಟ ತೋಟೆ ಸಿಕ್ಕಿರಬೇಕಲ್ಲ? ಹಾಗಿದ್ದರೆ ನನ್ನ ಲೆಕ್ಕ ಸರಿ. ಸೇಫ್ಟಿ ಹಾಕಿರಲಿಲ್ಲವಾ ಅಂತ ನೀವು ಕೇಳಬಹುದು. ಇಂಥ ಹಲವು ಜೋಡಿ ಕೋವಿಗಳಲ್ಲಿ ತೆರೆಯುವ ಲಿವರ್ ತಿರುಗಿಸಿದಾಗ ಸೇಫ್ಟಿ ತಾನೇ ಬೀಳುತ್ತದೆ. ನೀವು ತೆರೆಯಲೇ ಇಲ್ಲ. ಮಂಗಕ್ಕಾಗಿ ತೆಗೆದ ಸೇಫ್ಟಿ ಎರಡು ದಿನ ತೆಗೆದೇ ಇತ್ತು.

ಇದರಲ್ಲಿ ದಡ್ಡತನ ಏನೂ ಇಲ್ಲ. ಗೊತ್ತಿದ್ದವರೇ ಹೀಗೆ ಮಾಡುವುದು ಜಾಸ್ತಿ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾದಕ ವಸ್ತು ತಡೆ ಇಲಾಖೆಯ ಅಧಿಕಾರಿಯೊಬ್ಬರು ಮಕ್ಕಳ ಎದುರು ಪಿಸ್ತೂಲು ತೋರಿಸುತ್ತಾ, ಈ ಕೋಣೆಯಲ್ಲಿ ಇದನ್ನು ಹಿಡಿಯಲು ತಿಳಿದವನು ನಾನೊಬ್ಬನೇ ಎಂಬರ್ಥದ ಮಾತಾಡಿದರು. ಸ್ವಲ್ಪ ಹೊತ್ತಿಗೇ ತಮ್ಮ ಕಾಲಿಗೆ ತಾವೇ ಹೊಡೆದುಕೊಂಡರು.

ನನ್ನದೂ ಒಂದಿದೆ. ಸೇವೆಗೆ ಸೇರಿದ ಹೊಸತು. ಆಗ ನಮ್ಮ ಕೈಯಲ್ಲಿದ್ದದ್ದು 7.62ರ ಎಸ್‌ಎಲ್‌ಆರ್ ರೈಫಲ್. ರಾತ್ರಿ ಪಹರೆ ಮುಗಿಸಿ ಬಂದು 'ಖಾಲಿ ಕರ್' ಆದೇಶಕ್ಕೆ ರೈಫಲ್ ಖಾಲಿ ಮಾಡಬೇಕು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಕಾಕ್ ಮಾಡಿ, ಅಂದರೆ ಹಿಡಿ ಹಿಂದಕ್ಕೆಳೆದು, ಒಳಗೆ ನೋಡಬೇಕು. ನಿದ್ದೆಗಣ್ಣಿನಲ್ಲಿ ನಾನು ಮೊದಲು ಕಾಕ್ ಮಾಡಿದೆ, ಆಮೇಲೆ ಮ್ಯಾಗಜಿನ್ ತೆಗೆದೆ. ಮ್ಯಾಗಜಿನ್ ಕೈಯಲ್ಲಿದೆ, ಅಂದಮೇಲೆ ಖಾಲಿ. ಆದರೆ ಕಾಕ್ ಮಾಡಿದಾಗ ಒಂದು ಗುಂಡು ನಳಿಗೆಗೆ ಹೋಗಿ ಕೂತಿತ್ತು. ಟ್ರಿಗರ್ ಒತ್ತಿದೆ. ಆ ಸದ್ದು ಈಗಲೂ ಕಿವಿಯಲ್ಲಿದೆ. ಮಾಡಿದ ಕೆಲಸ ಎರಡೇ, ಎರಡೂ ಸರಿ, ಹಿಂದುಮುಂದು ಮಾತ್ರ ತಪ್ಪು. ಗುಂಡು ಹೋಗಿ ಮರಳಿನ ಗುಂಡಿಗೆ ಬಿತ್ತು, ಯಾಕೆಂದರೆ ಖಾಲಿ ಮಾಡುವಾಗ ರೈಫಲ್ ಬಾಯಿ ಮರಳಿನ ಕಡೆಗೇ ಇರಬೇಕು ಅಂತ ನಿಯಮ. ಶಿಕ್ಷೆ ಆಯಿತು, ಬೈಗುಳವೂ ಬಿತ್ತು. ಆದರೆ ಯಾರೂ ಸಾಯಲಿಲ್ಲ.

ಆ ಮರಳನ್ನು ಸ್ವಲ್ಪ ಗಮನಿಸಿ. ಜೆಫ್ ಕೂಪರ್ ಅಂತ ಅಮೆರಿಕದ ಮರೀನ್ ಪಡೆಯಲ್ಲಿದ್ದ ಒಬ್ಬರು 1970ರ ದಶಕದಲ್ಲಿ ಅರಿಜೋನಾದಲ್ಲಿ ಬಂದೂಕು ತರಬೇತಿ ಶಾಲೆ ಶುರು ಮಾಡಿದರು. ಅವರ ನಾಲ್ಕು ನಿಯಮಗಳನ್ನು ಇವತ್ತು ಜಗತ್ತಿನ ಎಷ್ಟೋ ಕಡೆ ಕಲಿಸುತ್ತಾರೆ. ಎಲ್ಲ ಕೋವಿಯೂ ಯಾವಾಗಲೂ ತುಂಬಿದೆ ಅಂತಲೇ ತಿಳಿ. ನಾಶವಾದರೂ ಪರವಾಗಿಲ್ಲ ಅನ್ನಿಸದ ಯಾವುದರ ಕಡೆಗೂ ಬಾಯಿ ತಿರುಗಿಸಬೇಡ. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಏನಕ್ಕೆ ಹೊಡೆಯುತ್ತಿದ್ದೀಯ, ಅದರ ಹಿಂದೆ ಏನಿದೆ, ನೋಡಿಕೋ. ಇಷ್ಟೇ. ಇದರ ಚಂದ ಏನೆಂದರೆ, ಒಂದನ್ನು ಮರೆತರೂ ಉಳಿದದ್ದು ಕಾಯುತ್ತದೆ. ನಾನು ಮೊದಲನೆಯದನ್ನು ಮುರಿದೆ, ಎರಡನೆಯದು ಉಳಿಸಿತು. ನೀವೂ ಮೊದಲನೆಯದನ್ನು ಮುರಿದಿರಿ. ಆದರೆ ನಿಮ್ಮನ್ನು ಉಳಿಸಿದ್ದು ನಿಯಮ ಅಲ್ಲ, ಅದೃಷ್ಟ. ಕೋವಿ ಮೇಲ್ಮುಖ ಇದ್ದದ್ದು ನೀವು ಹಾಗೆ ಕೂತಿದ್ದರಿಂದ. ಮಲೆನಾಡಿನ ಮನೆಗಳಲ್ಲಿ ಮೇಲೆ ಅಟ್ಟ ಇರುತ್ತದೆ. ಅಡಿಕೆ ಇಳಿಸಲು ಯಾರಾದರೂ ಹತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. 'ಮೇಲಕ್ಕೆ ಹಿಡಿದರೆ ಸೇಫ್' ಅನ್ನುವ ಮಾತು ಬಯಲಿನಲ್ಲಿ ನಿಂತವನಿಗೆ ಸರಿ, ಮನೆಯೊಳಗೆ ಕೂತವನಿಗೆ ಅಲ್ಲ.

ಹಾಗಾದರೆ ನಿಮ್ಮ ಮನೆಯಲ್ಲಿ ಮರಳಿನ ಗುಂಡಿ ಯಾವುದು? ಮನೆ ಹಿಂದಿನ ಧರೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ದಿಬ್ಬ. ಗುಡ್ಡ ಕಡಿದು ಮನೆ ಕಟ್ಟಿದ ಊರಲ್ಲಿ ಎಲ್ಲರ ಹಿತ್ತಲಲ್ಲೂ ಅದು ಇರುತ್ತದೆ. ತೋಟೆಯೊಳಗಿನ ಸಣ್ಣ ಗುಂಡುಗಳನ್ನು, ಅಂದರೆ ಚರೆಯನ್ನು, ಮಣ್ಣು ನುಂಗಿಕೊಳ್ಳುತ್ತದೆ. ಕಲ್ಲು, ಸಿಮೆಂಟ್ ಗೋಡೆ ಹಾಗಲ್ಲ, ಚಿಮ್ಮಿಸುತ್ತವೆ. ತುಂಬುವುದು, ಖಾಲಿ ಮಾಡುವುದು, ಒರೆಸಲು ಬಿಚ್ಚುವುದು ಎಲ್ಲ ಆ ಧರೆಗೆ ಮುಖ ಮಾಡಿಯೇ ಆಗಲಿ. ಅದರ ಮೇಲಿನ ದಾರಿಯಲ್ಲಿ ಜನ ಓಡಾಡುತ್ತಾರಾದರೆ ಬೇರೆ ಜಾಗ ಹುಡುಕಿ. ಅದೂ ಸಿಗದಿದ್ದರೆ ಒಂದು ಗೋಣಿಚೀಲಕ್ಕೆ ಮರಳು ತುಂಬಿ ಅಂಗಳದ ಮೂಲೆಯಲ್ಲಿಡಿ. ಕೋವಿ ಕೈಗೆ ಬಂತಾ, ಬಾಯಿ ಅತ್ತ, ಬೆರಳು ಹೊರಗೆ, ಲಿವರ್ ಒತ್ತಿ ತೆರೆ, ಎರಡೂ ತೋಟೆ ತೆಗೆ, ನಳಿಗೆಯ ಆ ತುದಿಯಿಂದ ಬೆಳಕು ಬರುತ್ತಿದೆಯಾ ನೋಡು. ಕರೆಂಟ್ ಇಲ್ಲದ ಸಂಜೆ ಕಣ್ಣನ್ನು ನಂಬಬೇಡಿ, ಬೆರಳು ತೂರಿಸಿ ಮುಟ್ಟಿ ನೋಡಿ. ಐದು ನಿಮಿಷ ಕೆಳಗಿಟ್ಟು ಕಾಫಿ ಕುಡಿದು ಬಂದರೂ ಮತ್ತೆ ಮೊದಲಿಂದ. ಅಂಗಡಿಯವನು, ಪೊಲೀಸ್, ನಿಮ್ಮ ಭಾವ, ಯಾರೇ 'ಖಾಲಿ ಇದೆ' ಅಂತ ಕೊಟ್ಟರೂ ಅವರೆದುರೇ ತೆರೆದು ನೋಡಿ. ಇದಕ್ಕೆ ಯಾರೂ ಅವಮಾನ ಅಂತ ತಿಳಿಯಬಾರದು. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಚಿತ್ರದ ಸೆಟ್‌ನಲ್ಲಿ ನಟ ಅಲೆಕ್ ಬಾಲ್ಡ್‌ವಿನ್ ಕೈಗೆ ರಿವಾಲ್ವರ್ ಕೊಡುವಾಗ 'ಕೋಲ್ಡ್ ಗನ್' ಅಂದಿದ್ದರು. ಒಳಗೆ ನಿಜವಾದ ಗುಂಡು ಇಲ್ಲ ಅಂತ ಅರ್ಥ. ಇತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಕೊಟ್ಟವರೂ ಒಳಗೆ ಸರಿಯಾಗಿ ನೋಡಿರಲಿಲ್ಲ, ಇಸಿದುಕೊಂಡವರೂ ನೋಡಲಿಲ್ಲ.

ನಿಮ್ಮ ತಂದೆಯವರ ಸ್ಪ್ರಿಂಗ್ ಮಾತಿಗೆ ಬರೋಣ. ಅದು ಪೂರ್ತಿ ತಪ್ಪಲ್ಲ. ಹಳೆಯ ಕೋವಿಗಳ ಸ್ಪ್ರಿಂಗ್ ತಿಂಗಳುಗಟ್ಟಲೆ ಬಿಗಿದೇ ಇರಬಾರದು ಅಂತ ಹಿಂದಿನವರು ನಂಬಿದ್ದರು, ಈಗಲೂ ಹಲವರು ಸಡಿಲಿಸಿಯೇ ಇಡುತ್ತಾರೆ. ಆದರೆ ನಿಮ್ಮ ತಂದೆ ಟ್ರಿಗರ್ ಒತ್ತುವ ಮೊದಲು ಕೋವಿ ತೆರೆದು ನೋಡುತ್ತಿದ್ದರು ಅಂತ ನನಗೆ ಖಾತ್ರಿ. ಇಲ್ಲದಿದ್ದರೆ ನಿಮ್ಮ ಮನೆಯ ಹೆಂಚು ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಮಗನಿಗೆ ಕಣ್ಣಿಗೆ ಬಿದ್ದದ್ದು ಕೊನೆಯ ಅರ್ಧ ಮಾತ್ರ. ಅಡುಗೆ ನೋಡಿ ಕಲಿತವರಿಗೆ ಉಪ್ಪು ಹಾಕಿದ್ದು ಕಾಣದ ಹಾಗೆ. ಸ್ಪ್ರಿಂಗ್ ಸಡಿಲ ಮಾಡಲೇಬೇಕು ಅಂದರೆ ಅದಕ್ಕೆಂದೇ ಡಮ್ಮಿ ತೋಟೆ ಸಿಗುತ್ತದೆ. ಅದನ್ನು ಹಾಕಿ, ಧರೆಗೆ ಹಿಡಿದು ಒತ್ತಿ. ಪಿನ್ನಿಗೂ ಏಟಾಗುವುದಿಲ್ಲ. ಸ್ಪ್ರಿಂಗ್ ಕೆಟ್ಟರೆ ಹೊಸದು ಹಾಕಿಸಬಹುದು.

ಸೇಫ್ಟಿ ಬಗ್ಗೆ ಒಂದು ಮಾತು. ನಿಮ್ಮಂಥ ಕೋವಿಗಳಲ್ಲಿ ಸೇಫ್ಟಿ ಸಾಮಾನ್ಯವಾಗಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಸುತ್ತಿಗೆ ಬಿಗಿದೇ ಇರುತ್ತದೆ. ಒಳಗಿನ ಕೊಂಡಿ ಸವೆದಿದ್ದರೆ, ಕೋವಿ ಕೈ ಜಾರಿ ಕಲ್ಲಿನ ಮೇಲೆ ಬಿದ್ದರೆ, ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು. ಇಲ್ಲಿ ಮಾತ್ರ 'ಹಾರಿತು' ಅನ್ನಬಹುದು ಅಂತಿಟ್ಟುಕೊಳ್ಳಿ. ಆದರೂ ತುಂಬಿದ ಕೋವಿ ಹಿಡಿದು ಜಾರುವ ಜಾಗಕ್ಕೆ ಹೋದವರು ಯಾರು ಅನ್ನುವ ಪ್ರಶ್ನೆ ಉಳಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ನಟ ಗೋವಿಂದ ಮುಂಬೈನ ಮನೆಯಲ್ಲಿ ಬೆಳಗಿನ ಜಾವ ತಮ್ಮದೇ ರಿವಾಲ್ವರಿನಿಂದ ಕಾಲಿಗೆ ಗುಂಡು ತಾಗಿಸಿಕೊಂಡು ಆಸ್ಪತ್ರೆ ಸೇರಿದ್ದು ನೆನಪಿರಬಹುದು. ಎತ್ತಿಡುವಾಗ ಕೈ ಜಾರಿತು ಅಂತ ಸುದ್ದಿಯಾಗಿತ್ತು. ಎತ್ತಿಡುವ ಹೊತ್ತಿಗೆ ಅದರೊಳಗೆ ಗುಂಡು ಯಾಕಿರಬೇಕು?

ಬೆರಳಿನ ವಿಷಯ ಇನ್ನೂ ಮುಖ್ಯ. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ಕಾಲು ಜಾರುತ್ತದೆ ಅಲ್ವಾ? ಆಗ ಕೈ ಏನು ಮಾಡುತ್ತದೆ ಗಮನಿಸಿದ್ದೀರಾ? ಗಟ್ಟಿಯಾಗಿ ಮುಷ್ಟಿ ಕಟ್ಟುತ್ತದೆ. ಅದು ನಿಮ್ಮನ್ನು ಕೇಳುವುದಿಲ್ಲ. ರೋಜರ್ ಎನೋಕಾ ಎಂಬ ವಿಜ್ಞಾನಿ ಪೊಲೀಸರ ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ ಮೂರು ಸಂದರ್ಭಗಳನ್ನು ಗುರುತಿಸಿದ್ದಾರೆ. ಬೆಚ್ಚಿಬಿದ್ದಾಗ, ಆಯ ತಪ್ಪಿದಾಗ, ಇನ್ನೊಂದು ಕೈಯಿಂದ ಏನನ್ನೋ ಬಲವಾಗಿ ಹಿಡಿದಾಗ. ಮೂರರಲ್ಲೂ ಬೆರಳು ತಾನೇ ಮಡಚಿಕೊಳ್ಳುತ್ತದೆ. ಕೋವಿಯ ಟ್ರಿಗರ್ ಒತ್ತಲು ಎರಡು ಎರಡೂವರೆ ಕೇಜಿಯಷ್ಟು ಬಲ ಸಾಕು. ಬೆಚ್ಚಿದ ಕೈಗೆ ಅದು ಯಾವ ಲೆಕ್ಕ? ಹಾಗಾಗಿ ಬೆರಳು ಟ್ರಿಗರ್ ಕಾಪಿನ ಹೊರಗೆ, ಮರದ ಮೇಲೆ ನೇರವಾಗಿ ಚಾಚಿರಬೇಕು. ಟೀವಿ ನೋಡುತ್ತಾ ನೋಡುತ್ತಾ ರಿಮೋಟ್ ಹಿಡಿದು ಅಭ್ಯಾಸ ಮಾಡಿ, ನಗಬೇಡಿ, ನಮ್ಮ ಹುಡುಗರಿಗೆ ನಾನು ಪೊರಕೆ ಕೊಟ್ಟು ಮಾಡಿಸಿದ್ದೇನೆ. ಸಂಕ ದಾಟುವ ಮೊದಲು, ಬೇಲಿ ಹಾರುವ ಮೊದಲು, ಬೈಕ್ ಹತ್ತುವ ಮೊದಲು ಕೋವಿ ತೆರೆದು ತೋಟೆ ಜೇಬಿಗೆ. ನಾಯಿ ಜೊತೆಗಿದ್ದರಂತೂ ತುಂಬಿದ ಕೋವಿಯನ್ನು ಮರಕ್ಕೆ ಒರಗಿಸಿ ಕೂರಲೇಬಾರದು.

ಹೊಡೆಯುವುದರ ಆಚೆಗೆ ಏನಿದೆ ಅನ್ನುವುದನ್ನು ಮಲೆನಾಡಿನವರು ಮರೆಯುವುದು ಜಾಸ್ತಿ, ಯಾಕೆಂದರೆ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲ. ದಪ್ಪ ಚರೆಯ ಎಲ್‌ಜಿ ತೋಟೆಯ ಒಂದೊಂದು ಚರೆಯೂ ಸುಮಾರು 700 ಮೀಟರ್ ತನಕ ಹೋಗಬಲ್ಲದು. ನಿಮ್ಮ ತೋಟ ಅಷ್ಟು ಉದ್ದ ಇದೆಯಾ? ಪಕ್ಕದ ತೋಟದಲ್ಲಿ ಅಡಿಕೆ ಕೊನೆ ತೆಗೆಯುವವರು ಮರದ ಮೇಲಿರುತ್ತಾರೆ. ಮಂಗ ಓಡಿಸಲು ಎಲ್‌ಜಿ ಯಾತಕ್ಕೆ? ಅವಕ್ಕೆ ಬೇಕಾದ್ದು ಸದ್ದು. ಇನ್ನು ರಾತ್ರಿ ಹೊತ್ತು, ಪೊದೆ ಅಲುಗಿತು, ಹಂದಿ ಇರಬೇಕು ಅಂತ ಹೊಡೆದು ಮನುಷ್ಯರನ್ನು ಕೊಂದ ಕತೆ ನಿಮ್ಮ ಕಡೆಯೂ ಇದೆ, ನಮ್ಮ ಕೊಡಗಿನಲ್ಲೂ ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಶಿಕಾರಿಯೇ ಅಪರಾಧ. ಅದು ಹಾಗಿರಲಿ, 'ಇರಬೇಕು' ಅನ್ನುವ ಪದ ಬಾಯಿಗೆ ಬಂದರೆ ಬೆರಳು ಒಳಗೆ ಹೋಗಬಾರದು.

ನಿಜವಾದ ಮಿಸ್‌ಫೈರ್ ಆದರೆ ಏನು ಮಾಡಬೇಕು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ, ಪದವೇ ತಪ್ಪಾಗಿದೆಯಲ್ಲ. ಒತ್ತಿದಿರಿ, ಟಿಕ್ ಅಂತು, ಹಾರಲಿಲ್ಲ. ಕೂಡಲೇ ತೆರೆದು ಇಣುಕಬೇಡಿ. ತೇವ ಹಿಡಿದ ತೋಟೆ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಬಾಯಿ ಧರೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಎಂದಿನ ಹಾಗಿಲ್ಲದೆ ಟುಸ್ ಅಂದರೆ ಇನ್ನೊಂದು ತೋಟೆ ಹಾಕುವ ಮೊದಲು ನಳಿಗೆ ಪೂರ್ತಿ ಸ್ವಚ್ಛವಾಗಿದೆಯಾ ನೋಡಿ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕೋವಿಯ ನಳಿಗೆಯಲ್ಲಿ ಹುಳ ಮಣ್ಣಿನ ಗೂಡು ಕಟ್ಟಿರುವುದನ್ನು ನಾನೇ ನೋಡಿದ್ದೇನೆ. ಅದರ ಮೇಲೆ ಹೊಡೆದರೆ ನಳಿಗೆಯೇ ಸೀಳುತ್ತದೆ.

ನೆರೆಮನೆಯಲ್ಲಿ ಹಳೇ ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವಂಥದ್ದು, ಇದ್ದರೆ ಈ ಪತ್ರಿಕೆಯನ್ನು ಅವರಿಗೂ ಕೊಡಿ. ಅದನ್ನು ತೆರೆದು ನೋಡುವ ಹಾಗಿಲ್ಲ. ಉಪಾಯ ಇಷ್ಟೇ. ಖಾಲಿ ಇದೆ ಅಂತ ಖಾತ್ರಿಯಿದ್ದ ದಿನ ಗಜವನ್ನು, ಅಂದರೆ ಮದ್ದು ಜಡಿಯುವ ಸಲಾಕೆಯನ್ನು, ನಳಿಗೆಯ ಬುಡದ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಅದರ ಮೇಲೊಂದು ಗೀರು ಹಾಕಿಡಬೇಕು. ಮುಂದೆ ಯಾವತ್ತೇ ಗಜ ಇಳಿಸಿದಾಗ ಗೀರು ಮೇಲೆ ನಿಂತರೆ ಒಳಗೆ ಮದ್ದು ಇದೆ ಅಂತ ಅರ್ಥ. ಮೊದಲು ಕೇಪು ತೆಗೆದೇ ಈ ಪರೀಕ್ಷೆ, ಮುಖ ಮಾತ್ರ ನಳಿಗೆಯ ನೇರಕ್ಕೆ ಬೇಡ. ಕೇಪಿಗೆ ಹೊಡೆಯುವ ಸುತ್ತಿಗೆಯನ್ನು, ಅಂದರೆ ಕುದುರೆಯನ್ನು, ಕೇಪಿನ ಮೇಲೇ ಕೂರಿಸಿ ಗೋಡೆಗೆ ನೇತುಹಾಕುವವರಿದ್ದಾರೆ. ಕೆಳಗೆ ಬಿದ್ದು ಕುದುರೆಗೆ ಒಂದು ಪೆಟ್ಟು ತಾಗಿದರೆ ಸಾಕು.

ಮಕ್ಕಳು ಎಷ್ಟು ದೊಡ್ಡವರು ಅಂತ ನೀವು ಬರೆದಿಲ್ಲ. ಏನೇ ಇರಲಿ, 'ಅವರಿಗೆ ಗೊತ್ತಿಲ್ಲದ ಜಾಗದಲ್ಲಿ ಇಟ್ಟಿದ್ದೇನೆ' ಅನ್ನಬೇಡಿ. ನಿಮ್ಮ ಅಪ್ಪ ಎಲ್ಲಿಡುತ್ತಿದ್ದರು ಅಂತ ನಿಮಗೆ ಗೊತ್ತಿರಲಿಲ್ಲವಾ? ಮೂಲೆಗೆ ಒರಗಿಸುವುದು ಇವತ್ತಿಗೇ ನಿಲ್ಲಲಿ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದರಲ್ಲಿ, ಎರಡೂ ಕೀಲಿ ನಿಮ್ಮ ಹತ್ತಿರ. ಜೋಡಿ ಕೋವಿಯನ್ನು ಮೂರು ತುಂಡಾಗಿ ಬಿಚ್ಚಿ ಇಡುವುದು ಸುಲಭ, ಜಾಗವೂ ಕಡಿಮೆ ಸಾಕು. 2016ರ ಆರ್ಮ್ಸ್ ರೂಲ್ಸ್ ಹೊಸ ಲೈಸೆನ್ಸಿಗೆ ಸುರಕ್ಷತಾ ತರಬೇತಿಯನ್ನೂ ಭದ್ರವಾಗಿಡುವ ವ್ಯವಸ್ಥೆಯನ್ನೂ ಕೇಳುತ್ತದೆ. ಕಾಗದಕ್ಕೆ ಸೀಲ್ ಬೀಳಲಿ ಅಂತ ಮಾಡಬೇಡಿ, ತರಬೇತಿಗೆ ನಿಜವಾಗಿ ಹೋಗಿ ಕಲಿಯಿರಿ.

ಕಾನೂನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2019ರ ತಿದ್ದುಪಡಿಯಲ್ಲಿ ಆರ್ಮ್ಸ್ ಆ್ಯಕ್ಟ್‌ನ 25ನೇ ಸೆಕ್ಷನ್‌ಗೆ ಹೊಸ ಸಾಲು ಸೇರಿತು. ಅಜಾಗ್ರತೆಯಿಂದಲೋ, ಮದುವೆ ಸಮಾರಂಭದ ಖುಷಿಗೋ ಕೋವಿ ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು, ಅಥವಾ 1 ಲಕ್ಷದ ತನಕ ದಂಡ, ಅಥವಾ ಎರಡೂ. ಗಾಯವೇ ಆಗಬೇಕೆಂದಿಲ್ಲ. ನಮ್ಮ ಕೊಡಗಿನಲ್ಲಿ ಕೆಲವರು ಇದು ನಮಗಲ್ಲ ಅಂದುಕೊಂಡಿದ್ದಾರೆ. ಕೊಡವರಿಗೆ, ಜಮ್ಮಾ ಅನ್ನುವ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ 2029ರ ತನಕ ಇರುವ ವಿನಾಯಿತಿ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು, ಲೈಸೆನ್ಸಿಗೆ ಸಂಬಂಧಿಸಿದ್ದು. ಅಜಾಗ್ರತೆಗೆ ಯಾರಿಗೂ ವಿನಾಯಿತಿ ಇಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು, ಇವು ನಮ್ಮ ಪದ್ಧತಿ, ಬಿಡಬೇಕಾಗಿಲ್ಲ. ಆದರೆ ಹೊಡೆಯುವವರು ಆ ಹೊತ್ತಿಗೆ ಕುಡಿದಿರಬಾರದು. ಇದನ್ನು ಹೇಳಿ ಹೇಳಿ ನಾನು ನೆಂಟರಲ್ಲಿ ಕೆಟ್ಟವನಾಗಿದ್ದೇನೆ. ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆಗಿಡುವ ಮುನ್ನ ನಾನು ಒಂದೊಂದನ್ನೂ ತೆರೆದು ನೋಡುತ್ತೇನೆ. ಮೊದಮೊದಲು ನಗುತ್ತಿದ್ದರು. ಈಗ ತಾವೇ ತೆರೆದು ತಂದು ಕೊಡುತ್ತಾರೆ.

ಮಾರಬೇಕಾ? ಅದು ನಿಮ್ಮ ಮನೆಯ ವಿಷಯ, ಆದರೂ ಕೇಳಿದ್ದೀರಿ. ಮಂಗಗಳ ಮಟ್ಟಿಗೆ ಕೋವಿಯಿಂದ ಬಹಳ ದಿನ ಉಪಯೋಗ ಆಗಿದ್ದನ್ನು ನಾನು ಕಂಡಿಲ್ಲ, ಎರಡು ದಿನ ಬಿಟ್ಟು ಮತ್ತೆ ಬರುತ್ತವೆ. ಅಪ್ಪನ ನೆನಪಿಗೆ ಇಟ್ಟುಕೊಳ್ಳುತ್ತೇನೆ ಅಂದರೆ ಅದೂ ಸರಿಯೇ. ಅಮ್ಮನನ್ನು ಸುಮ್ನೆ ಸಮಾಧಾನ ಮಾಡಲು ಹೋಗಬೇಡಿ. ಒಂದು ಮಳೆಗಾಲ ಕೋವಿಯನ್ನು ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಿ, ರಸೀದಿ ತೆಗೆದುಕೊಳ್ಳಿ. ಅಲ್ಲಿಯೇ ಒಳಗಿನ ಕೊಂಡಿ, ಸೇಫ್ಟಿ ಎರಡನ್ನೂ ಮಿಸ್ತ್ರಿಯಿಂದ ನೋಡಿಸಿ. ಅಷ್ಟರಲ್ಲಿ ನೀವು ತರಬೇತಿ ಮುಗಿಸಿ. ವಾಪಸ್ ತಂದ ದಿನ ಅಮ್ಮನ ಎದುರು ತೆರೆದು, ಎರಡೂ ನಳಿಗೆಯ ಬೆಳಕನ್ನು ಅವರಿಗೇ ತೋರಿಸಿ. ಆಮೇಲೂ ಅವರು ಬೇಡ ಅಂದರೆ ಮಾರಿ.

ಒಡೆದ ಹೆಂಚು ಬದಲಾಯಿಸಲು ಹತ್ತಿದಾಗ ಪಕ್ಕದ ರೀಪು, ಪಕಾಸುಗಳನ್ನೂ ಕೈಯಾಡಿಸಿ ನೋಡಿ. ಚರೆ ಕಚ್ಚಿದ ತೂತಿಗೆ ನೀರು ಇಳಿದರೆ ಮರ ಒಳಗಿಂದ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ.